ನಂದಿಬೆಟ್ಟದ ತಪ್ಪಲಿನ ಫ್ರೆಂಚ್ ದ್ರಾಕ್ಷಿತೋಟ

ಬೋರ್ಡೋ ಎಂಬ ಹೆಸರನ್ನು ನಮ್ಮ ಮಲೆನಾಡಿನ ಅಡಕೆ ಬೆಳೆಗಾರರೆಲ್ಲರೂ ಬಲ್ಲರು. ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣಕ್ಕೆ ಈ ಹೆಸರು ಬಂದುದು ಫ್ರಾನ್ಸ್ ದೇಶದ ನೈಋತ್ಯ ಭಾಗದ ಒಂದು ಪಟ್ಟಣದಿಂದ. ಆ ಪ್ರಾಂತದ ದ್ರಾಕ್ಷಿಬಳ್ಳಿಗಳ ರೋಗ ನಿವಾರಣೆಗಾಗಿ 1885ರಲ್ಲಿ ಪ್ರಕಟವಾದ ಈ ಮದ್ದನ್ನು ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಅಡಕೆತೋಟಗಳಲ್ಲಿ ರೂಢಿಗೆ ತಂದರು. ಅದೇ ಬೋರ್ಡೋ ಪ್ರಾಂತದ ಮತ್ತೊಂದು ವಿದ್ಯೆಯಾದ ವೈನ್ ದ್ರಾಕ್ಷಿಯ ಬೇಸಾಯವೂ ಈಗ ನಮ್ಮ ನಂದಿಬೆಟ್ಟದ ತಪ್ಪಲಿಗೆ ಬಂದು ನೆಲೆಸಿದೆ. ಪಾನವನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ತಮ್ಮ ನೀಲಿದ್ರಾಕ್ಷಿಯನ್ನು ಕಿತ್ತು ಈ ತಳಿಗಳನ್ನು ನೆಡಬಹುದೇ ಎಂದು ಯೋಚಿಸುವ ರೈತರು, ವಿಷಯವನ್ನು ತಿಳಿದು ತೀರ್ಮಾನಿಸಲೆಂಬುದೇ ಉದ್ದೇಶ.

ತೋಟದ ಚರಿತ್ರೆ

ವ್ಯಾಪಾರ ನಿಮಿತ್ತ ಫ್ರಾನ್ಸಿಗೆ ಹೋಗಿಬರುತ್ತಿದ್ದ ಶ್ರೀ ಕನ್ವಲ್ ಗ್ರೋವರ್ ಅವರು ಅಲ್ಲಿನ ತೋಟಗಳನ್ನು ಕಂಡು, ಅಂತಹ ದ್ರಾಕ್ಷಿಯನ್ನು ಭಾರತದಲ್ಲಿಯೂ ಬೆಳೆಯಬೇಕೆಂದು ಬಯಸಿದರು. ಷಾಂಪೇನ್ ಪ್ರಾಂತದ ತಜ್ಞರಾದ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು, ಹಲವು ವರ್ಷ ಸ್ಥಳಗಳನ್ನೂ ತಳಿಗಳನ್ನೂ ಪರೀಕ್ಷಿಸಿ, 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ತೋಟವನ್ನು ಸ್ಥಾಪಿಸಿದರು. 1990ರ ದಶಕದ ಮಧ್ಯದಲ್ಲಿ ಬೋರ್ಡೋವಿನ ಪ್ರಸಿದ್ಧ ತಜ್ಞರಾದ ಮಿಷೆಲ್ ರೋಲಾನ್ ಅವರು ಸಲಹೆಗಾರರಾದರು. 2012ರಲ್ಲಿ ಈ ಸಂಸ್ಥೆಯು ನಾಸಿಕ ಪ್ರಾಂತದ ಇನ್ನೊಂದು ಸಂಸ್ಥೆಯೊಡನೆ ಸೇರಿ ಗ್ರೋವರ್ ಜಾಂಪಾ ಎಂಬ ಹೆಸರು ಪಡೆಯಿತು. ಗಮನಿಸತಕ್ಕ ಅಂಶವೇನೆಂದರೆ, ಇಲ್ಲಿ ಸಸಿಗಿಂತ ಮೊದಲು ಪರೀಕ್ಷೆ ಬಂದಿತು.

ನೆಲ ಮತ್ತು ಹವೆ

ವೈನ್ ದ್ರಾಕ್ಷಿಯು ಸಾಮಾನ್ಯವಾಗಿ 30ರಿಂದ 50ನೆಯ ಅಕ್ಷಾಂಶಗಳ ನಡುವೆ ಬೆಳೆಯತಕ್ಕ ಬೆಳೆ. ಬೋರ್ಡೋ ಸುಮಾರು 45ರಲ್ಲಿಯೂ ಬೆಂಗಳೂರು 13ರಲ್ಲಿಯೂ ಇವೆ. ಆದರೂ ಇಲ್ಲಿ ಈ ಬೆಳೆ ಸಾಧ್ಯವಾದುದು ಎತ್ತರದಿಂದ. ತೋಟವು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿರುವುದರಿಂದ ಹಗಲು ಬಿಸಿಲಿದ್ದರೂ ರಾತ್ರಿ ತಂಪಾಗುತ್ತದೆ; ನೀರು ಬಸಿದುಹೋಗುವ ಕೆಮ್ಮಣ್ಣೂ ಅನುಕೂಲವಾಗಿದೆ.

ಫ್ರಾನ್ಸಿನಲ್ಲಿ ಚಳಿಗಾಲ ಬಂದೊಡನೆ ಬಳ್ಳಿಯು ಎಲೆಯುದುರಿಸಿ ನಿದ್ರಿಸುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದುದರಿಂದ ಅಲ್ಲಿ ಚಳಿ ಮಾಡುವ ಕೆಲಸವನ್ನು ಇಲ್ಲಿ ಕತ್ತರಿ ಮಾಡಬೇಕು. ಏಪ್ರಿಲ್ ಸುಮಾರಿಗೆ ಒಮ್ಮೆ ಬಳ್ಳಿಯನ್ನು ಸವರಿ ಹೊಸ ಕಡ್ಡಿಗಳನ್ನು ಬೆಳೆಸುವರು. ಮಳೆ ಹಿಂದೆಗೆಯುವ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮತ್ತೆ ಸವರಿ ಫಲಕ್ಕೆ ಬಿಡುವರು. ಫೆಬ್ರವರಿ, ಮಾರ್ಚ್ ತಿಂಗಳ ಒಣಹವೆಯಲ್ಲಿ ಕೊಯಿಲು. ನಮ್ಮ ನೀಲಿದ್ರಾಕ್ಷಿಯಿಂದ ಎರಡು ಸವರುವಿಕೆಗೆ ಎರಡು ಫಸಲು ಪಡೆಯುವೆವು. ಇಲ್ಲಿ ಎರಡು ಸವರುವಿಕೆಗೆ ಒಂದೇ ಫಸಲು.

ಗುಣದ ಮೂಲ

ಕ್ಯಾಬರ್ನೆ ಸೋವಿನ್ಯೋನ್, ಷಿರಾಜ್ ಮೊದಲಾದ ತಳಿಗಳ ಹಣ್ಣು ಚಿಕ್ಕದು, ಬೀಜವುಳ್ಳದ್ದು, ದಪ್ಪ ಸಿಪ್ಪೆಯದು. ಕೆಂಪು ವೈನಿನ ಬಣ್ಣವೂ ಒಗರೂ ಆ ಸಿಪ್ಪೆಯಿಂದಲೇ ಬರತಕ್ಕವು. ಗೊಂಚಲು ಹೆಚ್ಚಿದಷ್ಟೂ ರಸ ಪೇಲವವಾಗುವುದರಿಂದ ಕೆಲವನ್ನು ಎಳೆಯದರಲ್ಲಿಯೇ ಕತ್ತರಿಸಿಹಾಕುವರು. ರಸದ ಸಕ್ಕರೆಯು ನೂರಕ್ಕೆ ಸುಮಾರು 22ರಿಂದ 24 ಭಾಗವಾದಾಗ ಕೊಯ್ಯುವರು. ತೂಕಕ್ಕಾಗಿ ಬೆಳೆದು ರೂಢಿಯಾದ ರೈತನಿಗೆ ಈ ಸಂಯಮವೇ ಕಷ್ಟವಾದ ಪಾಠ.

ಬೋರ್ಡೋವಿನ ಕೀರ್ತಿಯೂ ಒಂದೆರಡು ವರ್ಷದ್ದಲ್ಲ. 1855ರಲ್ಲಿ ಅಲ್ಲಿನ ದಲ್ಲಾಳಿಗಳು ಬಹುಕಾಲದಿಂದ ದೊರೆತ ಬೆಲೆಯನ್ನು ನೋಡಿ ತೋಟಗಳನ್ನು ದರ್ಜೆಗಳಾಗಿ ವಿಂಗಡಿಸಿದರು. ಲಾಫಿತ್, ಲಾತೂರ್, ಮಾರ್ಗೋ, ಓ ಬ್ರಿಯೋನ್ ಎಂಬ ನಾಲ್ಕೇ ಕೆಂಪು ವೈನಿನ ತೋಟಗಳು ಮೊದಲ ದರ್ಜೆ ಪಡೆದವು. ಮೂತೋನ್ ತೋಟವು ಆ ಸಾಲಿಗೆ ಏರಿದುದು 1973ರಲ್ಲಿ. ಕಡ್ಡಿಯನ್ನು ಹಡಗಿನಲ್ಲಿ ತರಬಹುದು, ಕೀರ್ತಿಯನ್ನು ತರಲಾಗದು.

ರೈತರು ಗಮನಿಸತಕ್ಕ ಅಂಶಗಳು

1. ವೈನ್ ದ್ರಾಕ್ಷಿಗೆ ಸಂತೆಯಿಲ್ಲ. ಕೊಳ್ಳುವವರು ಕಾರ್ಖಾನೆಯವರು ಮಾತ್ರ. 2008ರ ನಂತರದ ಮುಗ್ಗಟ್ಟಿನಲ್ಲಿ ಮಹಾರಾಷ್ಟ್ರದ ಅನೇಕ ಬೆಳೆಗಾರರು ಕೊಳ್ಳುವವರಿಲ್ಲದೆ ಬಳ್ಳಿಗಳನ್ನು ಕಿತ್ತುಹಾಕಬೇಕಾಯಿತು. ಆದಕಾರಣ ನೆಡುವ ಮೊದಲೇ ಬೆಲೆ, ಸಕ್ಕರೆಯ ಅಂಶ ಮತ್ತು ವರ್ಷಗಳ ಅವಧಿಯನ್ನು ಬರೆಹದ ಕರಾರಿನಲ್ಲಿ ಗೊತ್ತುಮಾಡಿಕೊಳ್ಳತಕ್ಕದ್ದು.

2. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲ್ಲಾಕ್ಸೆರಾ ಎಂಬ ಕೀಟವು ಫ್ರಾನ್ಸಿನ ಬಳ್ಳಿಗಳ ಬೇರನ್ನು ಹಾಳುಮಾಡಿದಾಗ, ಅಮೆರಿಕದ ದ್ರಾಕ್ಷಿಯ ಬೇರಿನ ಮೇಲೆ ಕಸಿಮಾಡಿ ತೋಟಗಳನ್ನು ಉಳಿಸಿಕೊಂಡರು. ನಮ್ಮಲ್ಲಿಯೂ ಡಾಗ್ ರಿಡ್ಜ್ ಮುಂತಾದ ಬೇರುಗಳ ಮೇಲೆ ಕಸಿಮಾಡಿದ ಸಸಿಗಳನ್ನು, ನಂಬಿಕೆಯುಳ್ಳ ಸಸ್ಯಕ್ಷೇತ್ರದಿಂದಲೇ ತರತಕ್ಕದ್ದು.

3. ಒಳ್ಳೆಯ ಫಸಲಿಗೆ ಮೂರು ವರ್ಷವಾದರೂ ಕಾಯಬೇಕು. ಕಂಬ, ತಂತಿ, ಹನಿ ನೀರಾವರಿಗಳ ವೆಚ್ಚದ ಜೊತೆಗೆ ಈ ಕಾಲದ ಜೀವನಕ್ಕೂ ಮಾರ್ಗವಿರಬೇಕು.

4. ನೀಲಿದ್ರಾಕ್ಷಿಯನ್ನು ಹಗುರವಾಗಿ ಎಣಿಸಬಾರದು. 2013ರಲ್ಲಿ ಭೌಗೋಳಿಕ ಗುರುತು ಪಡೆದ ಈ ತಳಿಯು ತಿನ್ನಲೂ ರಸಕ್ಕೂ ಜಾಮಿಗೂ ವೈನಿಗೂ ಸಲ್ಲುತ್ತದೆ. ಒಂದು ಬಾಗಿಲು ಮುಚ್ಚಿದರೆ ಇದಕ್ಕೆ ಮತ್ತೊಂದು ಉಂಟು.

ಆದುದರಿಂದ ಇರುವ ಚಪ್ಪರವನ್ನು ಪೂರ್ತಿ ಕೀಳದೆ, ಕರಾರು ಕೈಗೆ ಬಂದ ಮೇಲೆ ಜಮೀನಿನ ಒಂದು ಭಾಗದಲ್ಲಿ ಮಾತ್ರ ಹೊಸ ತಳಿಯನ್ನು ಪರೀಕ್ಷಿಸಿ ನೋಡುವುದು ವಿವೇಕ.