ಗುಜರಿಗೆ ಹಾಕುವ ಮುನ್ನ

ಕೊಳ್ಳೇಗಾಲದ ನೂಲು ಬಿಚ್ಚಾಣಿಕೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ರೇಷ್ಮೆ ತೆಗೆದ ಮೇಲೆ ಉಳಿದ ಎಳೆಗೂ ಬೆಲೆಯಿದೆ, ಸತ್ತ ಹುಳುವಿಗೂ ಇದೆ. ಎಳೆ ಸ್ಪನ್ ಸಿಲ್ಕ್ ಗಿರಣಿಗೆ; ಹುಳು ಎಣ್ಣೆಗೆ, ಕೋಳಿ ಮೀನುಗಳ ಮೇವಿಗೆ.

ಮನೆಯ ಕಸಕ್ಕೂ ಅದೇ ಲೆಕ್ಕ ಹಾಕಿ. ನೆನೆದ ರಟ್ಟು, ಸಾರು ಮೆತ್ತಿದ ಪ್ಲಾಸ್ಟಿಕ್ ಕಂಡರೆ ಗುಜರಿಯವರು ಮೂಗು ಮುರಿಯುತ್ತಾರೆ (ಮುರಿಯದೆ ಇನ್ನೇನು!). ಒಣ ಕಸಕ್ಕೆ ಬೇರೆಯದೇ ಚೀಲವಿರಲಿ. ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಆ ಚೂರು ಯಾರ ಕೈಗೂ ಸಿಗದು. ತೂತಾದ ಅಲ್ಯೂಮಿನಿಯಂ ಪಾತ್ರೆಯನ್ನಂತೂ ಎಸೆಯಲೇಬೇಡಿ: ಅದಿರಿನಿಂದ ಲೋಹ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು 5% ಇದ್ದರೆ ಅದನ್ನು ಮರುಬಳಸಬಹುದು, ಕಾರ್ಖಾನೆಯವರು ಕಾಸು ಕೊಡುವುದು ಅದಕ್ಕೇ.

ಹನೂರು, ಯಳಂದೂರು ಕಡೆಯ ಹಳ್ಳಿಯವರೇ, ಸ್ವಚ್ಛ ವಾಹಿನಿ ಬಂದರೆ ಹಸಿ ಒಣ ಬೆರೆಸದೆ ಕೊಡಿ. ಮಾದಪ್ಪನ ಬೆಟ್ಟಕ್ಕೆ ಹೊರಟವರು ಖಾಲಿ ಬಾಟಲಿಯನ್ನು ಕಾಡಿಗೆ ಬಿಸಾಡದೆ ವಾಪಸ್ ತನ್ನಿ; ಗುಜರಿ ಅಂಗಡಿಯ ತಕ್ಕಡಿಯಲ್ಲಿ ಅದೂ ತೂಗುತ್ತದೆ.