ಮೈಕ್‌ಸೆಟ್ಟಿಗೆ ಬೇಡವಾದ ಕರಕರ, ಗಿಟಾರಿಗೆ ಬೇಕಾದ ಕರಕರ

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಜಾತ್ರೆಗೋ ಗಣಪತಿಗೋ ಮೈಕ್‌ಸೆಟ್ ಹಾಕುವವರನ್ನು ನೀವು ನೋಡಿರ್ತೀರಿ. ಭಾಷಣ ಮಾಡುವವರು ಆವೇಶ ಬಂದು ಮೈಕನ್ನು ಬಾಯಿಗೇ ಇಟ್ಟುಕೊಂಡರೆ ಹಾರ್ನ್ ಸ್ಪೀಕರ್ ಕರಕರ ಅನ್ನುತ್ತೆ. ಮೈಕ್‌ಸೆಟ್‌ನವರು ಓಡಿಬಂದು ವಾಲ್ಯೂಮ್ ಇಳಿಸ್ತಾರೆ. ದನಿ ಒಡೆಯಬಾರದು, ಅವರ ಕಸುಬಿನ ಮೊದಲ ನಿಯಮ ಅದು. ಹೈ-ಗೇನ್ ಗಿಟಾರ್ ಆಂಪ್ಲಿಫೈಯರ್ ಮಾಡುವವರು ಇದೇ ಒಡೆಯುವಿಕೆಯನ್ನು ಬೇಕು ಬೇಕೆಂದೇ ಕಟ್ಟುತ್ತಾರೆ. ಎರಡೂ ಪೆಟ್ಟಿಗೆಯ ಮೂಲ ಸರ್ಕ್ಯೂಟ್ ಮಾತ್ರ ಒಂದೇ ವಂಶದ್ದು. ವ್ಯತ್ಯಾಸ ಎಲ್ಲಿ ಹುಟ್ಟುತ್ತೆ ಅನ್ನೋದೇ ಈ ಪಾಠ.

ಹೆಸರಿನ ಗೊಂದಲ ಮೊದಲು ಮುಗಿಸೋಣ. ಅಮೆರಿಕದವರು ಟ್ಯೂಬ್ ಅನ್ನೋದನ್ನೇ ನಮ್ಮ ಅಜ್ಜಂದಿರು ವಾಲ್ವ್ ಅಂದರು. 'ವಾಲ್ವ್ ರೇಡಿಯೋ' ಅಂದರೆ ಊರಲ್ಲಿ ಈಗಲೂ ಅರ್ಥ ಆಗುತ್ತೆ. ಇದೇನೂ ನಮಗೆ ಹೊರಗಿನ ವಿದ್ಯೆ ಅಲ್ಲ. 1954ರಲ್ಲಿ ಶುರುವಾದ ಬೆಂಗಳೂರಿನ ಬಿಇಎಲ್ ಒಂದು ಕಾಲಕ್ಕೆ ಇಂಥ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಅದರ ಇಎಲ್84ಗಳನ್ನು ಹೊರದೇಶದ ಗಿಟಾರಿಸ್ಟ್‌ಗಳು ಇವತ್ತಿಗೂ ಹುಡುಕಿ ಕೊಳ್ಳುತ್ತಾರೆ.

ಈಗ ಲೆಕ್ಕ. ಇಸಿಸಿ83 (ಇದರ ಅಮೆರಿಕದ ಹೆಸರು 12ಎಎಕ್ಸ್7) ಅನ್ನೋ ಸಣ್ಣ ವಾಲ್ವಿನ ಒಂದೇ ಗಾಜಿನೊಳಗೆ ಎರಡು ಟ್ರಯೋಡ್ ಇರುತ್ತೆ. ಒಂದೊಂದರ ವರ್ಧನಾಂಕ 100, ಒಳ ರೋಧ ಸುಮಾರು 62 ಕಿಲೋಓಮ್. ಪ್ಲೇಟಿಗೆ 100 ಕಿಲೋಓಮ್ ಹಾಕಿದರೆ ಕೈಗೆ ಸಿಗುವ ಗೇನ್ 100 × 100 / 162, ಅಂದರೆ ಸುಮಾರು 60. ಗಿಟಾರ್ ಪಿಕಪ್‌ನಿಂದ 0.1 ವೋಲ್ಟ್ ಬಂತು ಅಂದುಕೊಳ್ಳಿ. ಮೊದಲ ಹಂತ ದಾಟಿದಾಗ 6 ವೋಲ್ಟ್. ಎರಡನೇ ಹಂತಕ್ಕೆ 360. ಮೂರನೇ ಹಂತಕ್ಕೆ 21,600 ವೋಲ್ಟ್!

ಆದರೆ ಆ ಹಂತಗಳಿಗೆ ಊಟ ಹಾಕುವ ಸಪ್ಲೈ ಇರೋದೇ ಸುಮಾರು 300 ವೋಲ್ಟ್. ಅಲೆ ಅಷ್ಟು ಎತ್ತರ ಏಳೋಕೆ ಸಾಧ್ಯವೇ ಇಲ್ಲ, ನೆತ್ತಿ ಕತ್ತರಿಸಿಹೋಗುತ್ತೆ. ಹಾಗಾಗಿ ಹೈ-ಗೇನ್ ಅಂದರೆ ಜೋರು ಸದ್ದು ಅಂತ ಅಲ್ಲ, ಅಲೆಯ ಆಕಾರ ಬದಲಾಗೋದು. ನೆತ್ತಿ ಚಪ್ಪಟೆ ಆದಾಗ ಮೂಲ ಸ್ವರದ ಜೊತೆ ಅದರ ಎರಡರಷ್ಟು, ಮೂರರಷ್ಟು ಆವರ್ತನಗಳು ಹುಟ್ಟುತ್ತವೆ. ಇನ್ನೊಂದು ಲಾಭವೂ ಇದೆ: ತಂತಿಯ ಕಂಪನ ಕಡಿಮೆ ಆಗ್ತಾ ಬಂದರೂ ಕತ್ತರಿಸಿದ ಅಲೆಯ ಎತ್ತರ ಬೇಗ ಇಳಿಯೋದಿಲ್ಲ. ಒಂದು ಸಲ ಮೀಟಿದ ಸ್ವರ ಪಿಟೀಲಿನ ಹಾಗೆ ನಿಂತುಬಿಡುತ್ತೆ.

ಹಾಗಾದರೆ ಮೂರು ನಾಲ್ಕು ಹಂತ ಸಾಲಾಗಿ ಜೋಡಿಸಿದರೆ ಆಯ್ತಲ್ಲ, ಅದಕ್ಕೆ ಲಕ್ಷಗಟ್ಟಲೆ ಯಾಕೆ? ಹಾಗೆ ಜೋಡಿಸಿ ನೋಡಿ, ಕೆಸರು ಕಲಸಿದ ಹಾಗೆ ಕೇಳುತ್ತೆ. ಅಸಲಿ ಕೆಲಸ ಇರೋದು ಹಂತಗಳ ನಡುವೆ. ಗಿಟಾರಿನ ದಪ್ಪ ತಂತಿ ಸುಮಾರು 82 ಹರ್ಟ್ಸ್. ಅಷ್ಟು ಕೆಳಗಿನ ಸ್ವರ ಪೂರ್ತಿ ಬಲದಲ್ಲಿ ಕತ್ತರಿಗೆ ಸಿಕ್ಕರೆ ಉಳಿದ ಸ್ವರಗಳನ್ನೆಲ್ಲ ನುಂಗಿಹಾಕುತ್ತೆ. ಆದ್ದರಿಂದ ಕತ್ತರಿಸುವ ಮೊದಲೇ ಬಾಸ್ ಇಳಿಸಬೇಕು. ಮಾರ್ಷಲ್ 2203ರ ಮೊದಲ ಹಂತದಲ್ಲಿ ಕ್ಯಾಥೋಡಿಗೆ 2.7 ಕಿಲೋಓಮ್ ಮತ್ತು 0.68 ಮೈಕ್ರೋಫ್ಯಾರಡ್ ಇದೆ. 1/(2πಆರ್‌ಸಿ) ಹಾಕಿ ನೋಡಿ, 87 ಹರ್ಟ್ಸ್ ಆಸುಪಾಸು ಬರುತ್ತೆ. ಅದರ ಕೆಳಗೆ ಗೇನ್ ಕಡಿಮೆ. ಇಳಿಸಿದ ಬಾಸನ್ನು ಎಲ್ಲ ಕತ್ತರಿಸಿ ಮುಗಿದ ಮೇಲೆ ಟೋನ್ ಕಂಟ್ರೋಲ್‌ನಲ್ಲೋ ಪವರ್ ಹಂತದಲ್ಲೋ ವಾಪಸ್ ಕೊಡ್ತಾರೆ.

ಅದೇ ಆಂಪ್ಲಿಫೈಯರಿನ ಎರಡನೇ ಹಂತದ ಕ್ಯಾಥೋಡ್ ರೋಧ 10 ಕಿಲೋಓಮ್. ಮಾಮೂಲಿ ಹಂತದಲ್ಲಿ 1.5 ಸಾಕು. ಇಷ್ಟು ಹೆಚ್ಚಿಟ್ಟರೆ ವಾಲ್ವ್ ಅರೆನಿದ್ದೆಯಲ್ಲೇ ಇರುತ್ತೆ. ಅಲೆಯ ಒಂದು ಪಕ್ಕ ಬೇಗ ಕತ್ತರಿಸಿಹೋಗುತ್ತೆ, ಇನ್ನೊಂದು ಪಕ್ಕ ಹಾಗೇ ಹೋಗುತ್ತೆ. ಎರಡು ಪಕ್ಕ ಸಮ ಇಲ್ಲದಿದ್ದಾಗ ಸಮಸಂಖ್ಯೆಯ ಹಾರ್ಮೋನಿಕ್‌ಗಳೂ ಸೇರಿಕೊಳ್ಳುತ್ತವೆ. ಮೈಕ್ ಸೋಲ್ಡಾನೋ 1980ರ ದಶಕದಲ್ಲಿ ಮಾಡಿದ ಎಸ್‌ಎಲ್‌ಒ-100ರಲ್ಲಿ ಇದನ್ನು 39 ಕಿಲೋಓಮ್ ತನಕ ಒಯ್ದ. ಕೆಲವೇ ರೂಪಾಯಿಯ ಬಿಡಿಭಾಗ, ಆದರೆ ಆ ಕಾಲದ ರಾಕ್ ಗಿಟಾರಿನ ದನಿಯನ್ನೇ ತಿರುಗಿಸಿತು.

ಅದಕ್ಕೂ ಮೊದಲು, 1970ರ ದಶಕದ ಆರಂಭದಲ್ಲಿ, ಕ್ಯಾಲಿಫೋರ್ನಿಯಾದ ರ‍್ಯಾಂಡಲ್ ಸ್ಮಿತ್ ಫೆಂಡರ್ ಮಾದರಿಯ ಸರ್ಕ್ಯೂಟಿಗೆ ಇನ್ನೊಂದು ಗೇನ್ ಹಂತ ಸೇರಿಸಿ ಮೆಸಾ ಬೂಗಿ ಕಟ್ಟಿದ್ದ. ಮೆಟಾಲಿಕಾದ 1986ರ 'ಮಾಸ್ಟರ್ ಆಫ್ ಪಪೆಟ್ಸ್' ಆಲ್ಬಮ್ಮಿನ ಗಿಟಾರ್ ಇದೇ ವಂಶದ ಮಾರ್ಕ್ ಸರಣಿಯದು. 2011ರ ಅಕ್ಟೋಬರಿನಲ್ಲಿ ಅದೇ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತು. ಸ್ಮಿತ್, ಸೋಲ್ಡಾನೋ ಇಬ್ಬರೂ ಶುರು ಮಾಡಿದ್ದು ಸಣ್ಣ ವರ್ಕ್‌ಶಾಪಿನಲ್ಲಿ, ಕೈಯಲ್ಲಿ ಬೆಸುಗೆ ಹಾಕುತ್ತಾ. 'ಬುಟೀಕ್' ಅನ್ನೋ ಪದದ ಹಿಂದಿರೋದು ಇಷ್ಟೇ. ಗೇನ್ ಸಾವಿರಗಟ್ಟಲೆ ಆದಾಗ ಒಂದು ವೈರ್ ಅರ್ಧ ಇಂಚು ಆಚೀಚೆ ಆದರೂ ಆಂಪ್ಲಿ ತಾನೇ ಕೂಗೋಕೆ ಶುರು ಮಾಡುತ್ತೆ, ಹೀಟರಿನ 50 ಹರ್ಟ್ಸ್ ಗುಂಯ್ ಅನ್ನೋದು ಒಳಗೆ ನುಸುಳುತ್ತೆ. ದುಡ್ಡು ಕೊಡೋದು ಆ ವೈರಿಂಗಿನ ಶಿಸ್ತಿಗೆ.

ಸ್ಟೇಜಿಗೆ 100 ವಾಟ್, ಸ್ಟುಡಿಯೋಗೆ 50 ಅಂತ ಜಗಳ ಆಡೋರಿದ್ದಾರೆ. ಇವೆರಡರ ಅಂತರ ಬರೀ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹತ್ತು ಪಟ್ಟು ವಾಟ್ ಬೇಕು. ಆ ಜಗಳ ಅಲ್ಲಿಗೇ ಬಿಡೋಣ.

ನಮ್ಮ ಕಡೆ ಇದಕ್ಕಿಂತ ದೊಡ್ಡ ಪ್ರಶ್ನೆ ಕರೆಂಟಿನದು. ತೋಟದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಎದ್ದಾಗ ಊರಿನ ಬಲ್ಬ್ ಮಂಕಾಗೋದು ಗೊತ್ತಲ್ಲ? 230 ಇರಬೇಕಾದ್ದು 190ಕ್ಕೆ ಇಳಿದರೆ ವಾಲ್ವಿನ ಹೀಟರಿಗೆ 6.3ರ ಬದಲು 5.2 ವೋಲ್ಟ್ ಸಿಗುತ್ತೆ. ಶೇಕಡ 10ರಷ್ಟು ಏರಿಳಿತ ವಾಲ್ವ್ ತಡೆದುಕೊಳ್ಳುತ್ತೆ, ಇದು ಅದಕ್ಕಿಂತ ಹೆಚ್ಚು. ಪ್ಲೇಟಿನ 450 ವೋಲ್ಟ್ ಕೂಡ 370ಕ್ಕೆ ಇಳಿಯುತ್ತೆ. ತಮಾಷೆ ಅಂದರೆ ಎಡ್ಡಿ ವ್ಯಾನ್ ಹೇಲನ್ ತನ್ನ ಮಾರ್ಷಲ್‌ಗೆ ವೇರಿಯಾಕ್ ಇಟ್ಟು ಬೇಕಂತಲೇ ವೋಲ್ಟೇಜ್ ಇಳಿಸ್ತಿದ್ದ. ನಮ್ಮೂರ ಆರ್ಕೆಸ್ಟ್ರಾದವರಿಗೆ ಅದು ಬಿಟ್ಟಿಯಾಗಿ ಸಿಗುತ್ತೆ! ಆದರೆ ಪಂಪ್‌ಗಳೆಲ್ಲ ನಿಂತು ವೋಲ್ಟೇಜ್ 260ಕ್ಕೆ ಜಿಗಿದಾಗ ಹೀಟರಿಗೆ 7.1 ವೋಲ್ಟ್. ವಾಲ್ವಿನ ಆಯಸ್ಸು ಅಲ್ಲೇ ಕರಗೋದು. ಸ್ಟೆಬಿಲೈಸರ್ ಇಲ್ಲದೆ ಇಲ್ಲಿ ವಾಲ್ವ್ ಆಂಪ್ಲಿ ಹಚ್ಚಬಾರದು ಅನ್ನೋದು ನನ್ನ ಅಭಿಪ್ರಾಯ.

ಕೊನೆಗೆ, ಇದನ್ನೆಲ್ಲ ಬರೆಯೋಕೆ ಕಾರಣವಾದ ವಿಷಯ. ಗುಜರಿಯಲ್ಲಿ ಹಳೇ ವಾಲ್ವ್ ಮೈಕ್‌ಸೆಟ್ ಸಿಕ್ಕರೆ ಗಿಟಾರ್ ಚುಚ್ಚಿ ನೋಡೋಣ ಅಂತ ನಮ್ಮ ಹುಡುಗರಿಗೆ ಅನ್ನಿಸೋದು ಸಹಜ. ಒಳ್ಳೆ ಆಸೆಯೇ. ಆದರೆ ಗಿಟಾರಿನ ತಂತಿ ಆಂಪ್ಲಿಯ ಷಾಸಿಗೆ ನೇರ ಸೇರಿರುತ್ತೆ. ಹಳೇ ಸೆಟ್ಟಿಗೆ ಎರಡು ಪಿನ್ನಿನ ವೈರ್, ಅರ್ಥಿಂಗ್ ಇರೋದಿಲ್ಲ. ಷಾಸಿಗೆ ಲೈನ್ ಬಂದರೆ ಗಿಟಾರ್ ಹಿಡಿದವರ ತುಟಿ ಮೈಕಿಗೆ ತಾಗಿದ ಕ್ಷಣ ಸರ್ಕ್ಯೂಟ್ ಮುಗೀತು. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿಯಲ್ಲಿ, ಸ್ಟೋನ್ ದಿ ಕ್ರೋಸ್ ತಂಡದ ಗಿಟಾರಿಸ್ಟ್ ಲೆಸ್ ಹಾರ್ವೆ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ಸ್ಟೇಜಿನ ಮೇಲೇ ಸತ್ತ. ಮಳೆಗೆ ನೆಂದ ಗಣಪತಿ ಪೆಂಡಾಲ್ ಇನ್ನೂ ಅಪಾಯ.

ಸ್ವಿಚ್ ತೆಗೆದರೂ ಒಳಗಿನ ಕೆಪಾಸಿಟರ್ ಸುಮ್ಮನಾಗೋದಿಲ್ಲ. 450 ವೋಲ್ಟಿನಲ್ಲಿ 100 ಮೈಕ್ರೋಫ್ಯಾರಡ್ ಅಂದರೆ ಸುಮಾರು 10 ಜೂಲ್, ಎದೆಗೆ ಹೊಡೆದರೆ ಪ್ರಾಣಕ್ಕೇ ಕುತ್ತು. ಅದಕ್ಕೆ ಅಡ್ಡಲಾಗಿ 220 ಕಿಲೋಓಮ್, 3 ವಾಟಿನ ರೆಸಿಸ್ಟರ್ ಕಾಯಂ ಹಾಕಿ. ಟೈಮ್ ಕಾನ್‌ಸ್ಟಂಟ್ 22 ಸೆಕೆಂಡ್, ಐದು ಪಟ್ಟು ಅಂದರೆ ಎರಡು ನಿಮಿಷ ಕಾಯಿರಿ. ಆಮೇಲೂ ಮೀಟರ್ ಹಿಡಿದು ನೋಡಿಯೇ ಕೈ ಹಾಕಿ, ಒಂದು ಕೈ ಜೇಬಲ್ಲಿರಲಿ.

ಇನ್ನೊಂದು: ಮೈಕ್‌ಸೆಟ್‌ನ ಔಟ್‌ಪುಟ್ ಬಹಳ ಸಲ 100 ವೋಲ್ಟ್ ಲೈನಿನದು. 100 ವಾಟಿನ ಸೆಟ್ ಅಲ್ಲಿ ನಿರೀಕ್ಷಿಸೋದು 100 ಓಮ್ ಲೋಡ್. ಅಲ್ಲಿಗೆ 8 ಓಮಿನ ಗಿಟಾರ್ ಸ್ಪೀಕರ್ ಸಿಕ್ಕಿಸಿದರೆ ವಾಲ್ವಿಗೆ ಹನ್ನೆರಡು ಪಟ್ಟು ಭಾರ. ಹಿಂದೆ 8 ಅಂತ ಬರೆದ ಟರ್ಮಿನಲ್ ಇದೆಯಾ ನೋಡಿ, ಇಲ್ಲದಿದ್ದರೆ ಲೈನ್ ಟ್ರಾನ್ಸ್‌ಫಾರ್ಮರ್ ಮೂಲಕ ಕೊಡಿ. ಸ್ಪೀಕರ್ ಇಲ್ಲದೆ ಮಾತ್ರ ಯಾವತ್ತೂ ಹಚ್ಚಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಹೋದರೆ ಅಂಥದ್ದನ್ನು ಸುತ್ತಿಕೊಡುವವರು ಕಡೂರಿನಲ್ಲಿರಲಿ, ಬೆಂಗಳೂರಿನಲ್ಲೂ ಸುಲಭಕ್ಕೆ ಸಿಗೋದಿಲ್ಲ.