ಹೊಸೂರಿನ ಓದುಗ, ಸಿಂಗಪುರದ ಪ್ರತಿ

ಹೊಸೂರಿನ ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ಕನ್ನಡ ವಿಕಿಪೀಡಿಯವನ್ನು ತೆರೆದರೆ, ಆ ಪುಟ ಸುಮಾರು 40 ಕಿ.ಮೀ. ದೂರದ ಬೆಂಗಳೂರಿನಿಂದ ಬರುವುದಿಲ್ಲ. ಸಾಮಾನ್ಯವಾಗಿ ಸಿಂಗಪುರದಿಂದ ಬರುತ್ತದೆ. 2003ರಲ್ಲಿ ಆರಂಭವಾದ ಈ ವಿಶ್ವಕೋಶ ಒಂದೇ ಯಂತ್ರದಲ್ಲಿ ನೆಲೆಸಿಲ್ಲ. ಮುಖ್ಯ ಕೇಂದ್ರಗಳು ಅಮೆರಿಕದ ವರ್ಜೀನಿಯ, ಟೆಕ್ಸಾಸ್‌ಗಳಲ್ಲಿವೆ. ಏಷ್ಯಾದ ಓದುಗರಿಗಾಗಿ ಪುಟಗಳ ಪ್ರತಿಯನ್ನಿಟ್ಟುಕೊಳ್ಳುವ ಸಿಂಗಪುರದ ಕೇಂದ್ರ 2018ರಲ್ಲಿ ಕಾರ್ಯಾರಂಭ ಮಾಡಿತು.

ಮೊಬೈಲಿನ ಬ್ರೌಸರ್ ಇಲ್ಲಿ ‘ಗ್ರಾಹಕ’. ಪಡೆಯುವವನು ಎಂಬ ಮೂಲಾರ್ಥ ಚೆನ್ನಾಗಿಯೇ ಹೊಂದುತ್ತದೆ. ಅದು ಬಲ್ಲದ್ದು ಒಂದು ಹೆಸರನ್ನು ಮಾತ್ರ. ಡಿಎನ್‌ಎಸ್ ಎಂಬ ವ್ಯವಸ್ಥೆಯನ್ನು ವಿಚಾರಿಸಿದಾಗ, ಆ ಹೆಸರಿಗೆ ಸಮೀಪದ ಕೇಂದ್ರದ ಅಂಕಿಗಳ ವಿಳಾಸ ದೊರೆಯುತ್ತದೆ. ಆ ವಿಳಾಸದಲ್ಲಿರುವುದೂ ಹೆಬ್ಬಾಗಿಲಷ್ಟೆ: ಕೋರಿಕೆಯನ್ನು ಅದು ಒಳಗಿನ ಹಲವು ಯಂತ್ರಗಳಲ್ಲಿ ಒಂದಕ್ಕೆ ಒಪ್ಪಿಸುತ್ತದೆ. ಒಂದು ಯಂತ್ರ ಕೆಟ್ಟರೂ ಓದುಗನಿಗೆ ಅರಿವಾಗದಿರುವುದು ಇದರಿಂದಲೇ.

ಓದುವುದು ಇಷ್ಟು ಸುಲಭ, ತಿದ್ದುವುದು ಹಾಗಲ್ಲ. ಹೊಸೂರಿನ ಲೇಖನದಲ್ಲಿದ್ದ ತಪ್ಪೊಂದನ್ನು ಆ ವಿದ್ಯಾರ್ಥಿ ತಿದ್ದಿದನೆನ್ನೋಣ. ತಿದ್ದುಪಡಿ ಸಿಂಗಪುರದಲ್ಲಿ ನಿಲ್ಲದೆ ಅಮೆರಿಕದ ಮೂಲ ದತ್ತಸಂಚಯದಲ್ಲಿಯೇ ದಾಖಲಾಗಬೇಕು. ಬಳಿಕ, ಹಳೆಯ ಪ್ರತಿಯನ್ನು ಅಳಿಸುವಂತೆ ಸಿಂಗಪುರಕ್ಕೆ ಸೂಚನೆ ಹೊರಡುತ್ತದೆ. ಗ್ರಂಥಸಂಪಾದನೆಯನ್ನು ಓದುತ್ತಿರುವವರು ಇಲ್ಲಿ ನಿಂತು ಯೋಚಿಸಬೇಕು. ಓಲೆಗರಿಯಲ್ಲಿ ನುಸುಳಿದ ತಪ್ಪು ಪಾಠವನ್ನು ಊರೂರಿನ ಪ್ರತಿಗಳಿಂದ ಹಿಂಪಡೆಯುವ ಉಪಾಯ ಲಿಪಿಕಾರನಿಗಿರಲಿಲ್ಲ, ಇಲ್ಲಿ ಇದೆ.

ಆದರೂ ಸೂಚನೆ ತಲುಪುವ ಮುನ್ನ ಕೃಷ್ಣಗಿರಿಯಲ್ಲಿ ಪುಟ ತೆರೆದ ಗೆಳತಿಗೆ ಹಳೆಯ ತಪ್ಪೇ ಕಾಣಬಹುದು. ತಿದ್ದುಪಡಿ ಅಳಿದುಹೋಯಿತೆಂದು ಆಕೆ ಮತ್ತೆ ತಿದ್ದಹೊರಟರೆ, ಸಂಪಾದನೆಯ ಪುಟ ಮುಖ್ಯ ಕೇಂದ್ರದಿಂದ ಬರುವುದರಿಂದ ಅಲ್ಲಿ ಸಾಮಾನ್ಯವಾಗಿ ಗೆಳೆಯ ತಿದ್ದಿದ ಪಾಠವೇ ಎದುರಾಗುತ್ತದೆ.